ಲಿಟಲ್ ಹೆಸ್ಸಿಂಗಿಗೊಂದು ಕಕ್ಕಸು

ಲಿಟಲ್ ಹೆಸ್ಸಿಂಗ್ ಹಳ್ಳಿಯ ಚರ್ಚಿಗೆ ಕಕ್ಕಸು ಇರಲಿಲ್ಲ. ಎಂಟುನೂರು ವರ್ಷಗಳಿಂದ ಇರಲಿಲ್ಲ. ಕಟ್ಟಿದವರು ಗೋಪುರ ಎತ್ತಿದರು, ಗಂಟೆ ತೂಗುಹಾಕಿದರು, ಕಿಟಕಿಗೆ ಬಣ್ಣದ ಗಾಜು ಕೂರಿಸಿದರು. ಭಕ್ತರಿಗೆ ಆತ್ಮದ ಜೊತೆಗೆ ಮೂತ್ರಕೋಶವೂ ಇರುತ್ತದೆ ಎಂಬುದು ಯಾರಿಗೂ ಹೊಳೆದಂತಿಲ್ಲ.

ಈಗ ಭಾನುವಾರ ಬರುತ್ತಿದ್ದವರು ಹನ್ನೊಂದು ಜನ. ಅವರಲ್ಲಿ ಎಂಟು ಜನ ಎಪ್ಪತ್ತು ದಾಟಿದವರು. ಪಾದ್ರಿಯಮ್ಮನಿಗೆ ಏಳು ಚರ್ಚುಗಳ ಜವಾಬ್ದಾರಿ; ಒಂದರಿಂದ ಇನ್ನೊಂದಕ್ಕೆ ಕಾರು ಓಡಿಸಿಕೊಂಡು ಬರುವಷ್ಟರಲ್ಲಿ ತಡವಾಗಿರುತ್ತಿತ್ತು. ಮೂರನೆಯ ಹಾಡಿನ ಹೊತ್ತಿಗೆ ಬೆಂಚುಗಳಲ್ಲಿ ಕೂತವರ ಮುಖಗಳು ಉಕ್ಕಲು ಸಿದ್ಧವಾದ ಹಾಲಿನ ಪಾತ್ರೆಗಳಂತೆ ಕಾಣುತ್ತಿದ್ದವು. ಮದುವೆಗಳು ಪಟ್ಟಣದ ಹೋಟೆಲಿಗೆ ಹೋದವು. ಎಳೆ ಮಕ್ಕಳ ತಾಯಂದಿರು ಒಂದು ಸಲ ಬಂದು ನೋಡಿ, ಮತ್ತೆ ಬರಲಿಲ್ಲ. ಬಿಷಪ್ಪರ ಕಚೇರಿಯಿಂದ ಪತ್ರ ಬಂತು: ಬರುವ ಈಸ್ಟರ್ ಒಳಗೆ ಜನ ಹೆಚ್ಚದಿದ್ದರೆ ವರ್ಷಕ್ಕೆ ಎರಡು ಪ್ರಾರ್ಥನೆ, ಉಳಿದ ದಿನ ಬೀಗ. ಚರ್ಚಿಗೆ ಬೀಗ ಬಿದ್ದರೆ ಊರಿನಲ್ಲಿ ನಾಲ್ಕು ಜನ ಒಟ್ಟಿಗೆ ಕೂರಲು ಉಳಿಯುವುದು ಬಸ್ ನಿಲ್ದಾಣ ಮಾತ್ರ. ಬಸ್ಸು ನಿಂತು ಆರು ವರ್ಷವಾಗಿತ್ತು.

ಚರ್ಚಿನ ಕಟ್ಟಡ, ಲೆಕ್ಕ ನೋಡಿಕೊಳ್ಳುವ ವಾರ್ಡನ್ ಕ್ಲೆಮೆಂಟ್ ಥರ್ಟಲ್‌ಗೆ ಅರವತ್ತಮೂರು. ಮೂವತ್ತು ವರ್ಷ ಬೀಟ್ ಗಡ್ಡೆಯ ಲಾರಿ ಓಡಿಸಿ ನಿವೃತ್ತನಾದವನು. ಅವನ ಪ್ರಾಸ್ಟೇಟ್ ಗ್ರಂಥಿ ಅವನಿಗಿಂತ ಮೊದಲೇ ನಿವೃತ್ತಿ ತೆಗೆದುಕೊಂಡಿತ್ತು. ಪ್ರತಿ ಭಾನುವಾರ ಉಪದೇಶದ ನಡುವೆ ಅವನು ಬಹಳ ಮುಖ್ಯವಾದ ಕೆಲಸ ನೆನಪಾದವನಂತೆ ಎದ್ದು ಹೊರಗೆ ಹೋಗುತ್ತಿದ್ದ. ಗೋರಿಗಳ ಹಿಂದಿನ ಯೂ ಮರಕ್ಕೆ ಮಾತ್ರ ಆ ಕೆಲಸ ಏನೆಂದು ಗೊತ್ತಿತ್ತು ಎಂದು ಅವನು ನಂಬಿದ್ದ. ಊರಿಗೆಲ್ಲ ಗೊತ್ತಿತ್ತು.

ಅವನೇ ಗ್ರಾಮ ಚರ್ಚ್ ನಿಧಿಗೆ ಅರ್ಜಿ ಹಾಕಿದ; ಕೆಳಗೆ ಹೆಸರಿಲ್ಲದೆ ‘ವಾರ್ಡನ್, ಲಿಟಲ್ ಹೆಸ್ಸಿಂಗ್’ ಎಂದಷ್ಟೇ ಬರೆದ. ಬೀಟ್‌ರೂಟ್ ಉಪ್ಪಿನಕಾಯಿಯ ಕಾರ್ಖಾನೆ ಮಾರಿ ಬಂದ ಹಣವನ್ನೆಲ್ಲ ಸಿಬಿಲ್ ಹೇಕನ್ ಎಂಬ ವಿಧವೆ ಆ ನಿಧಿಗೆ ಇಟ್ಟಿದ್ದಳು. ಆಕೆಯನ್ನು ನೋಡಿದವರು ಈ ಕಡೆ ಯಾರೂ ಇರಲಿಲ್ಲ. ಅವಳ ಹೆಸರಿನ ಕಲ್ಲು ಎಲ್ಲಿಯೂ ಇರಲಿಲ್ಲ. ಆಕೆಯ ಕೆಲಸ ಮಾತ್ರ ಕಾಣುತ್ತಿತ್ತು. ಹತ್ತು ಮೈಲಿ ಆಚೆಯ ಒಂದು ಚರ್ಚಿಗೆ ನಿಧಿಯವರು ಅಡುಗೆಮನೆ ಹಾಕಿಕೊಟ್ಟಿದ್ದರು. ಈಗ ಅಲ್ಲಿ ಗುರುವಾರ ಅಂಚೆ ಕಚೇರಿ, ಶುಕ್ರವಾರ ಒಂಟಿಯಾಗಿರುವ ಮುದುಕರಿಗೆ ಬಿಸಿ ಸೂಪು. ಇನ್ನೊಂದರ ಸೋರುವ ಮಾಡು ಸರಿಮಾಡಿಸಿದ್ದರು. ಅಲ್ಲಿ ಗಂಟೆ ಬಾರಿಸುವುದನ್ನು ಕಲಿಯಲು ಹೆಂಗಸರು ಸಾಲುಗಟ್ಟಿದ್ದರು. ಹೊಗಳಿಕೆ ಕೇಳದೆ ಕೊಡುವವರು ಲೋಕದಲ್ಲಿ ಕಡಿಮೆ. ಅವಳು ಹಾಗೆ ಕೊಡುತ್ತಿದ್ದಳು.

ನಿಧಿಯ ಉತ್ತರ ಚಿಕ್ಕದಾಗಿತ್ತು. ನಿಮ್ಮ ಸುತ್ತಿನಲ್ಲಿ ನಾಲ್ಕು ಚರ್ಚುಗಳು ಕಕ್ಕಸು ಕೇಳಿವೆ. ಈ ವರ್ಷ ಒಂದಕ್ಕೆ ಕೊಡಬಹುದು. ಸೆಪ್ಟೆಂಬರಿನ ಸೈಕಲ್ ದಿನದಂದು ನಮ್ಮವರೊಬ್ಬರು ಹಾದುಹೋಗುತ್ತಾರೆ. ವಿಶೇಷ ಸಿದ್ಧತೆ ಬೇಡ.

ಸೈಕಲ್ ದಿನವೆಂದರೆ ಆ ಜಿಲ್ಲೆಯ ದೊಡ್ಡ ದಿನ. ಚರ್ಚುಗಳ ದುರಸ್ತಿಗೆ ಚಂದಾ ಎತ್ತಲು ಜನ ಸೈಕಲ್ ಏರಿ ಒಂದು ಚರ್ಚಿನಿಂದ ಇನ್ನೊಂದಕ್ಕೆ ಹೋಗುತ್ತಾರೆ. ಪ್ರತಿ ಚರ್ಚಿನಲ್ಲೂ ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ ಒಂದು ಮೇಜು, ಮೇಜಿನ ಮೇಲೆ ಕಿತ್ತಳೆ ಶರಬತ್ತು, ಬಿಸ್ಕತ್ತು, ಮೇಜಿನ ಹಿಂದೆ ಒಬ್ಬರು. ಬಂದವರ ಹಾಳೆಗೆ ಸಹಿ ಹಾಕಿ ಕಳಿಸುವುದು ಅವರ ಕೆಲಸ.

"ಮೇಜಿಗೆ ನಾನು ಕೂತ್ಕೋತೀನಿ," ಎಂದ ಕ್ಲೆಮೆಂಟ್.

"ನೀನಾ?" ಎಂದಳು ಬಂಟಿ ಲಾರ್‌ವುಡ್. ಚರ್ಚಿನ ಹೂವಿನ ಉಸ್ತುವಾರಿ ಅವಳದು. ಅದರ ಜೊತೆಗೆ ಊರಿನ ಉಸ್ತುವಾರಿಯನ್ನೂ ಅವಳು ತಾನಾಗಿ ವಹಿಸಿಕೊಂಡಿದ್ದಳು. "ಅರ್ಧ ಗಂಟೆಗೊಂದ್ಸಲ ಮರದ ಹಿಂದೆ ಓಡ್ತೀಯ. ನಿಧಿಯೋರು ಸರಿಯಾಗಿ ಆಗಲೇ ಬರ್ತಾರೆ. ನೋಡಿ ಸ್ವಾಮಿ, ನಮ್ಮ ವಾರ್ಡನ್ ಅಗೋ ಅಲ್ಲಿ ಬೆನ್ನು ತಿರುಗಿಸ್ಕೊಂಡು ನಿಂತಿದಾರೆ ಅಂತ ತೋರಿಸ್ಲಾ?"

"ಬಂಟಿ, ಸ್ವಲ್ಪ ಮೆಲ್ಲಗೆ ಮಾತಾಡಿ."

"ಮೇಜಿಗೆ ನಾನಿರ್ತೀನಿ. ಬೆಣ್ಣೆ ಬಳಿದು ತಿನ್ನೋ ಮೆತ್ತನೆ ಸ್ಕೋನ್ ನಲವತ್ತೆಂಟು ಬೇಯಿಸ್ತೀನಿ. ನೀನು ಸೈಕಲ್ ಹತ್ತು. ಆ ಮೂರು ಚರ್ಚಿಗೂ ಹೋಗಿ ಅವರು ಏನಿಟ್ಟಿದಾರೆ, ಏನು ಕೊಚ್ಕೋತಿದಾರೆ, ಎಲ್ಲ ನೋಡ್ಕೊಂಡು ಬಾ."

"ನನ್ನ ಹತ್ರ ಸೈಕಲ್ ಇಲ್ಲ."

"ನಮ್ಮಕ್ಕಂದು ಷೆಡ್ಡಲ್ಲಿದೆ. ಅವಳು ಸತ್ತು ಹದಿನಾಲ್ಕು ವರ್ಷ ಆಯ್ತು, ಬೇಕು ಅಂತ ಕೇಳೋಕೆ ಬರಲ್ಲ."

ಹಾಗೆ ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಕ್ಲೆಮೆಂಟ್ ಥರ್ಟಲ್, ಮುಂದೆ ಬೆತ್ತದ ಬುಟ್ಟಿ ಇದ್ದ ತಿಳಿನೇರಳೆ ಬಣ್ಣದ ಹೆಂಗಸರ ಸೈಕಲ್ ಏರಿ ಗೂಢಚಾರಿಕೆಗೆ ಹೊರಟ. ಸೀಟು ತಗ್ಗಾಗಿತ್ತು. ತುಳಿಯುವಾಗ ಮಂಡಿಗಳು ಕಿವಿಯ ತನಕ ಬರುತ್ತಿದ್ದವು.

ಗ್ರೇಟ್ ಹೆಸ್ಸಿಂಗ್ ಎರಡು ಮೈಲಿ. ಚರ್ಚಿನ ಬಾಗಿಲಲ್ಲೇ ಅಲ್ಲಿಯ ವಾರ್ಡನ್ ಕತ್ಬರ್ಟ್ ಮೇಸ್ ಕಾಲು ಬದಲಾಯಿಸುತ್ತ ನಿಂತಿದ್ದ. ಕ್ಲೆಮೆಂಟನ ಜೊತೆ ಒಂದೇ ಬೆಂಚಿನಲ್ಲಿ ಶಾಲೆ ಕಲಿತವನು.

"ಲೋ ಕ್ಲೆಮ್! ಬಂದ್ಯಲ್ಲ, ನೀನೇ ದೇವರು ಕಣೋ! ಬಾ, ಇಲ್ಲಿ ಕೂತ್ಕೋ. ಎರಡೇ ನಿಮಿಷ."

"ಏನಾಯ್ತೋ?"

"ಏನಾಯ್ತು ಅಂತ ಕೇಳ್ತೀಯಲ್ಲೋ! ಬೆಳಗ್ಗೆಯಿಂದ ನಾಲ್ಕು ಕಪ್ ಟೀ. ಮನೆ ಅರ್ಧ ಮೈಲಿ. ಮೇಜು ಬಿಟ್ಟು ಹೋದ್ರೆ ನಿಧಿಯೋರು ಬಂದ್ಬಿಟ್ರೆ?" ಮೇಸ್ ಆಗಲೇ ಮೆಟ್ಟಿಲಿಳಿದಿದ್ದ. ಅಲ್ಲಿಂದ ತಿರುಗಿ ಕೂಗಿದ: "ಯಾರಾದ್ರೂ ಬಂದ್ರೆ ನಾನು ಎದ್ದು ಹೋದೆ ಅಂತ ಮಾತ್ರ ಹೇಳ್ಬೇಡ್ವೋ! ನೀನೇ ಇಲ್ಲಿಯೋನು ಅಂದ್ಬಿಡು!"

ಕ್ಲೆಮೆಂಟ್ ಮೇಜಿನ ಹಿಂದೆ ಕೂತ. ಎದುರಾಳಿಯ ಕುರ್ಚಿ. ಎದ್ದು ಹೋಗಿಬಿಟ್ಟರೆ ಗ್ರೇಟ್ ಹೆಸ್ಸಿಂಗ್ ಪಂದ್ಯದಿಂದ ಹೊರಗೆ, ಉಳಿಯುವುದು ಎರಡೇ ಚರ್ಚು. ಈ ಯೋಚನೆ ಅವನಿಗೆ ಬಂತು. ಬಂದದ್ದಕ್ಕೆ ನಾಚಿಕೆಯೂ ಆಯಿತು. ಜಲಬಾಧೆಯಲ್ಲಿರುವವನಿಗೆ ಮೋಸ ಮಾಡುವುದು ಅವನ ಕೈಲಾಗದ ಕೆಲಸ.

ಹಳದಿ ರೇನ್‌ಕೋಟ್ ತೊಟ್ಟ ಹೆಂಗಸೊಬ್ಬಳು ಸೈಕಲ್ ತಳ್ಳಿಕೊಂಡು ಬಂದಳು. ಎಪ್ಪತ್ತರ ಹತ್ತಿರದವಳು, ಮೊಣಕಾಲ ತನಕ ಕೆಸರು. ಕ್ಲೆಮೆಂಟ್ ಎದ್ದು ಶರಬತ್ತು ಕೊಟ್ಟ, ಕೆನೆ ಇರುವ ಬಿಸ್ಕತ್ತನ್ನೇ ಆರಿಸಿ ಕೊಟ್ಟ. ಮೇಸ್‌ಗೆ ಅನ್ಯಾಯವಾಗಬಾರದೆಂದು ಕಲ್ಲಿನ ದೀಕ್ಷಾಸ್ನಾನದ ತೊಟ್ಟಿಯನ್ನು, ಅದರ ಮೇಲೆ ಕೆತ್ತಿದ ಮೂಗಿಲ್ಲದ ಸಿಂಹಗಳನ್ನು ಹೆಮ್ಮೆಯಿಂದ ತೋರಿಸಿದ.

"ಇಲ್ಲಿ ಟಾಯ್ಲೆಟ್ ಎಲ್ಲಿದೆ?" ಎಂದಳು ಆಕೆ.

"ಇಲ್ಲ ತಾಯಿ. ಬಡಗಣ ಗೋಡೆ ಹಿಂದೆ ಹೋಗಿ. ಅಲ್ಲಿ ಒಂದು ಕಡೆ ಮಾತ್ರ ತುರಿಕೆ ಗಿಡ ಇಲ್ಲ. ನಾನು ಈ ಕಡೆ ನಿಂತು ಯಾರೂ ಬರದ ಹಾಗೆ ನೋಡ್ಕೋತೀನಿ."

ಆಕೆ ಹೋಗಿ ಬಂದಳು. ಕ್ಲೆಮೆಂಟ್ ಅಷ್ಟು ಹೊತ್ತೂ ಆಕಾಶ ನೋಡುತ್ತ, ಯಾರೋ ಕೇಳಿದಂತೆ ಹವಾಮಾನದ ವಿಷಯ ಗಟ್ಟಿಯಾಗಿ ಹೇಳುತ್ತ ನಿಂತಿದ್ದ.

"ನೀವು ಈ ಚರ್ಚಿನೋರೇನಾ?" ಹಾಳೆ ಮುಂದೆ ಚಾಚುತ್ತ ಆಕೆ ಕೇಳಿದಳು.

"ಸದ್ಯಕ್ಕೆ ಹೌದು," ಎಂದು ಕ್ಲೆಮೆಂಟ್ ತನ್ನ ಹೆಸರು ಬರೆದು ಸಹಿ ಹಾಕಿದ.

ಎರಡು ನಿಮಿಷವೆಂದು ಹೋದ ಮೇಸ್ ಬಂದದ್ದು ಮುಕ್ಕಾಲು ಗಂಟೆಗೆ. "ಹೋದವನು ಹಾಗೇ ಒಂದು ಮೊಟ್ಟೆ ಬೇಯಿಸ್ಕೊಂಡೆ ಕಣೋ," ಎಂದ.

ಸ್ಟೋಕ್ ಮಾರ್ಲಿಂಗ್ ತಲುಪುವಾಗ ಒಂದು ಗಂಟೆ. ದಾರಿಯ ತೋಟದ ಮನೆಯೊಂದರ ಹೆಬ್ಬಾತುಗಳು ತಿಳಿನೇರಳೆ ಸೈಕಲನ್ನು ಕಾಲು ಮೈಲಿ ಅಟ್ಟಿಸಿಕೊಂಡು ಬಂದಿದ್ದವು. ಕ್ಲೆಮೆಂಟನ ಎಡಗಾಲಿನ ಪ್ಯಾಂಟು ಅವುಗಳ ಬಾಯಲ್ಲಿ ಸ್ವಲ್ಪ ಉಳಿದಿತ್ತು.

ಮೇಜಿನ ಹಿಂದೆ ಮಿಸ್ ವಿನಿಫ್ರೆಡ್ ಹೌಸ್ ಕಡ್ಡಿಯಂತೆ ನೆಟ್ಟಗೆ ಕೂತಿದ್ದಳು. ಎಂಬತ್ತನಾಲ್ಕು ವರ್ಷ. ಐವತ್ತೈದು ವರ್ಷಗಳ ಹಿಂದೆ ಕ್ಲೆಮೆಂಟನಿಗೆ ಮಗ್ಗಿ ಕಲಿಸಿದವಳು.

"ಥರ್ಟಲ್, ಪ್ಯಾಂಟ್ ಹರಿದಿದೆ."

"ಹೌದು ಟೀಚರ್. ಬಾತು, ಟೀಚರ್."

"ಯಾವಾಗ್ಲೂ ಏನಾದ್ರೂ ಒಂದು ನೆಪ. ಬಾ ಇಲ್ಲಿ. ಹತ್ತು ಗಂಟೆಯಿಂದ ಕೂತಿದೀನಿ. ಎಂಬತ್ತನಾಲ್ಕು ವರ್ಷದೋಳು ಒಬ್ಬಳೇ ಇಷ್ಟು ಹೊತ್ತು ತಡ್ಕೋಬೇಕು ಅಂದ್ರೆ ಅದು ಭಕ್ತಿ ಅಲ್ಲ, ಶಿಕ್ಷೆ. ನಾನು ಬರೋವರೆಗೂ ಏಳಬಾರದು. ಕೇಳಿದೋರಿಗೆ ಇಲ್ಲಿಯೋನೇ ಅಂತ ಹೇಳು."

"ಟೀಚರ್, ನಾನು ಲಿಟಲ್ ಹೆಸ್ಸಿಂಗ್—"

"ಎದುರು ಮಾತಾಡ್ಬೇಡ. ನೆಟ್ಟಗೆ ಕೂತ್ಕೋ."

ಅವಳು ಊರುಗೋಲು ಹಿಡಿದು ಹೊರಟಳು. ಗೇಟಿನ ತನಕ ಹೋಗಲು ಅವಳಿಗೆ ಆರು ನಿಮಿಷ ಬೇಕಾಯಿತು. ಕ್ಲೆಮೆಂಟ್ ನೋಡುತ್ತಲೇ ಇದ್ದ. ಈ ಚರ್ಚಿನ ಕಿಟಕಿ ಒರೆಸುವವಳು ಅವಳು, ಗಡಿಯಾರಕ್ಕೆ ಕೀಲಿ ಕೊಡುವವಳು ಅವಳು, ಮಂಡಿಯೂರುವವರಿಗೆ ಇಡುವ ದಿಂಬುಗಳನ್ನೆಲ್ಲ ಹೊಲಿದವಳೂ ಅವಳೇ. ನಾಲ್ಕು ಅಡಿ ಹತ್ತು ಅಂಗುಲದ ಒಂದು ಮುದಿ ಜೀವ ಅಷ್ಟು ದೊಡ್ಡ ಕಲ್ಲಿನ ಕಟ್ಟಡವನ್ನು ಬೀಳದಂತೆ ಹಿಡಿದುಕೊಂಡಿತ್ತು.

ಆಗ ಟೈ ಕಟ್ಟಿದ ಗಂಡಸೊಬ್ಬ ಒಳಗೆ ಬಂದ. ಕೈಯಲ್ಲಿ ನೋಟ್‌ಬುಕ್ಕು, ಕೊರಳಲ್ಲಿ ಭೂತಗನ್ನಡಿ. ಮುಗುಳ್ನಗೆ ಇಲ್ಲ. ಕ್ಲೆಮೆಂಟ್ ಇನ್ನಷ್ಟು ನೆಟ್ಟಗೆ ಕೂತ. ನಿಧಿಯವನು!

"ಎಷ್ಟು ಹಳೇದು?" ಎಂದ ಆತ.

"ಎಂಬತ್ತನಾಲ್ಕು," ಎಂದುಬಿಟ್ಟ ಕ್ಲೆಮೆಂಟ್, ಇನ್ನೂ ಟೀಚರ ಗುಂಗಿನಲ್ಲಿ. "ಅಲ್ಲ, ಚರ್ಚಾ? ಏಳುನೂರು."

"ಬಡಗಣ ಗೋಡೆ ತೇವ ಇದೆಯಾ?"

"ಇದೆ ಸ್ವಾಮಿ, ತುಂಬಾ ಇದೆ," ಎಂದು ಕ್ಲೆಮೆಂಟ್ ಟೀಚರ ಪರವಾಗಿ ಉತ್ಸಾಹದಿಂದ ಹೇಳಿದ. ಆತ "ಬಹಳ ಒಳ್ಳೇದು" ಎಂದು ಬರೆದುಕೊಂಡು, ಶುಂಠಿ ಕೇಕಿನ ಮೂರು ಹೋಳು ತಿಂದು, ಹೊರಗೆ ಹೋಗಿ ಗೋರಿಕಲ್ಲುಗಳ ಮುಂದೆ ಮಂಡಿಯೂರಿದ.

ಕ್ಲೆಮೆಂಟ್ ಬಂಟಿಗೆ ಫೋನ್ ಮಾಡಿದ. "ನಿಧಿಯೋರು ಇಲ್ಲಿದಾರೆ! ಟೈ ಕಟ್ಟಿದಾರೆ! ನಗೋದೇ ಇಲ್ಲ! ಗೋರಿ ಮುಂದೆ ಪ್ರಾರ್ಥನೆ ಮಾಡ್ತಿದಾರೆ!"

"ಈ ಕಡೆ ಬರ್ತಾರಂತಾ?"

"ಕಾರು ಆ ಕಡೆ ಮುಖ ಮಾಡಿ ನಿಂತಿದೆ. ಬರೋದು ಅನುಮಾನ."

"ಬರದೆ ಎಲ್ಲಿಗೆ ಹೋಗ್ತಾರೆ, ನಾನು ಬಿಟ್ರೆ ತಾನೆ!" ಎಂದು ಬಂಟಿ ಫೋನ್ ಇಟ್ಟಳು.

ಅವನು ತಲೆಯೆತ್ತಿದರೆ ಎದುರಿಗೆ ಹಳದಿ ರೇನ್‌ಕೋಟು. "ಅರೆ, ಇಲ್ಲೂ ನೀವೇನಾ?"

ಟೀಚರ ಆಜ್ಞೆ ಕಿವಿಯಲ್ಲಿತ್ತು. "ಹೂಂ. ಇಲ್ಲೂ... ನಾನೇ."

"ನಿಮಗೆ ತುಂಬಾ ಓಡಾಟ."

"ಮಾಡೋರು ಯಾರು ಇದಾರೆ ಹೇಳಿ," ಎಂದ ಕ್ಲೆಮೆಂಟ್. ಸುಳ್ಳಲ್ಲದ ಒಂದು ಮಾತು ಸಿಕ್ಕಿದ್ದಕ್ಕೆ ಅವನಿಗೆ ಹಾಯೆನಿಸಿತು. ಆಕೆಯ ಸೈಕಲ್ಲಿನ ಚೈನು ಕಳಚಿತ್ತು. ಕೈ ಮಸಿ ಮಾಡಿಕೊಂಡು ಕೂರಿಸಿಕೊಟ್ಟ. ಹಾಳೆಗೆ ಸಹಿ ಹಾಕಿದ, ಮೇಲೊಂದು ಕಪ್ಪು ಹೆಬ್ಬೆಟ್ಟೂ ಬಿತ್ತು.

"ನಿಧಿಯೋರು ಸುತ್ತುತಿದಾರಂತೆ," ಎಂದು ಪಿಸುಗುಟ್ಟಿದ. "ಅಗೋ, ಅವರೇ. ನಿಮಗೇನಾದ್ರೂ ಕೇಳಿದ್ರೆ, ಈ ಟೀಚರ್ ವಿಷಯ ಒಳ್ಳೇದು ಹೇಳಿ. ಅವರಿಗೆ ನಿಜವಾಗ್ಲೂ ಬೇಕು."

ಆಕೆ ಗೋರಿಗಳ ಕಡೆ ನೋಡಿದಳು, ಇವನ ಕಡೆ ನೋಡಿದಳು. "ಆಗಲಿ," ಎಂದಳು.

ಟೀಚರ್ ಬರುವಾಗ ಎರಡೂವರೆ. ಮೂರನೆಯದು ಕೋಲ್ಡ್ ಬ್ರಾಮ್. ಮನೆಗೆ ಹೋಗಿಬಿಡಬೇಕೆಂದು ಕ್ಲೆಮೆಂಟನ ಮನಸ್ಸು, ದೇಹ ಎರಡೂ ಹೇಳುತ್ತಿದ್ದವು. ಆದರೂ ದಾರಿಯಲ್ಲೇ ಇದೆ, ಒಂದು ಸಹಿ ಹಾಕಿಸಿಕೊಂಡು ಹೋಗೋಣವೆಂದು ಒಳಹೊಕ್ಕ. ಬಾಗಿಲು ತೆರೆದಿತ್ತು. ಮೇಜಿತ್ತು, ಶರಬತ್ತಿತ್ತು. ಕುರ್ಚಿ ಖಾಲಿ. ಬಿಸ್ಕತ್ತಿನ ತಟ್ಟೆಯ ಕೆಳಗೆ ಒಂದು ಚೀಟಿ: "ತಡೆಯೋಕಾಗ್ಲಿಲ್ಲ. ಕ್ಷಮಿಸಿ. ಬೇಗ ಬರ್ತೀನಿ."

ಕ್ಲೆಮೆಂಟ್ ಚೀಟಿ ಓದಿದ. ಇಲ್ಲಿ ಅವನನ್ನು ಯಾರೂ ಬೇಡಿಕೊಂಡಿರಲಿಲ್ಲ, ಯಾರೂ ಗದರಿಸಿರಲಿಲ್ಲ. ಅವನು ಒಳಗೆ ಬಂದದ್ದನ್ನು ಕೂಡ ಯಾರೂ ನೋಡಿರಲಿಲ್ಲ. ಅಲ್ಲಿ ಹಿತ್ತಾಳೆಯ ದೀಪಸ್ತಂಭಗಳು, ಇಲ್ಲಿ ತೆರೆದ ಬಾಗಿಲು; ಬಿಟ್ಟು ಹೋದರೆ ಯಾವ ಕಳ್ಳನಾದರೂ ಹೊತ್ತೊಯ್ಯಬಹುದು. ಒಂದು ನಿಮಿಷ ನಿಂತ. ಆಮೇಲೆ "ಥೂ!" ಎಂದು ಚೀಟಿಯನ್ನು ಜೇಬಿಗೆ ಹಾಕಿಕೊಂಡು ಕುರ್ಚಿಯಲ್ಲಿ ಕೂತ.

ಹತ್ತು ನಿಮಿಷಕ್ಕೆ ಹಳದಿ ರೇನ್‌ಕೋಟು ಬಂತು. ಈ ಸಲ ಆಕೆ ಬಾಗಿಲಲ್ಲೇ ನಿಂತು, ಗೋಪುರದ ಪಾರಿವಾಳಗಳು ಹಾರಿಹೋಗುವಷ್ಟು ಜೋರಾಗಿ ನಕ್ಕಳು.

"ಸ್ವಾಮಿ, ನಿಮ್ಮಂಥೋರು ಎಷ್ಟು ಜನ ಇದೀರಿ?"

"ನಾನೊಬ್ಬನೇ," ಎಂದ ಕ್ಲೆಮೆಂಟ್. ಕಾಲ ಮೇಲೆ ಕಾಲು ಹಾಕಿ ಬಿಗಿಯಾಗಿ ಕೂತಿದ್ದರಿಂದ ಅವನ ದನಿ ಕೀರಲಾಗಿತ್ತು. "ಶರಬತ್ತು ಕುಡೀತೀರಾ?"

"ನೀವು?"

"ದಯವಿಟ್ಟು ಆ ಮಾತು ಎತ್ತಬೇಡಿ."

ಆಕೆಗೆ ಅರ್ಥವಾಯಿತು. "ಹೋಗಿ ಬನ್ನಿ. ನಾನು ಕೂತಿರ್ತೀನಿ," ಎಂದಳು. ಕ್ಲೆಮೆಂಟ್ ತನ್ನ ಅರವತ್ತಮೂರು ವರ್ಷದಲ್ಲಿ ಯಾರಿಗೂ ಅಷ್ಟು ಮನಃಪೂರ್ವಕವಾಗಿ ಥ್ಯಾಂಕ್ಸ್ ಹೇಳಿರಲಿಲ್ಲ. ತಿರುಗಿ ಬಂದು ಮೂರನೆಯ ಸಹಿ ಹಾಕಿಕೊಟ್ಟ. ಚೀಟಿ ಬರೆದವರು ಬರುವ ತನಕ, ಎಂದರೆ ಇನ್ನೂ ಅರ್ಧ ಗಂಟೆ, ಅಲ್ಲೇ ಕೂತಿದ್ದ.

ವಾಪಸು ದಾರಿಯಲ್ಲಿ ಹೆಬ್ಬಾತುಗಳಿಗೆ ಹೆದರಿ ಹೊಲದ ಬದುವಿನ ಮೇಲೆ ಸೈಕಲ್ ಇಳಿಸಿದ. ಸೈಕಲ್ ಚರಂಡಿಗೆ ಇಳಿಯಿತು. ಮುಂದಿನ ಚಕ್ರ ಹಪ್ಪಳದಂತೆ ಸೊಟ್ಟಗಾಯಿತು. ಅದನ್ನು ಹೆಗಲ ಮೇಲೆ ಹೊತ್ತು ಮೂರು ಮೈಲಿ ನಡೆದ. ಲಿಟಲ್ ಹೆಸ್ಸಿಂಗ್ ಚರ್ಚಿನ ಗೇಟಿಗೆ ಬಂದಾಗ ಆರಕ್ಕೆ ಹತ್ತು ನಿಮಿಷ.

ಬಾಗಿಲಿಗೆ ಬೀಗ ಹಾಕಿತ್ತು. ಮೇಜು ಇರಲಿಲ್ಲ. ಬಂಟಿ ಇರಲಿಲ್ಲ. ಹೊರಗಿನ ಕಲ್ಲುಬೆಂಚಿನ ಮೇಲೆ ಹಳದಿ ರೇನ್‌ಕೋಟಿನ ಹೆಂಗಸು ಶೂ ಬಿಚ್ಚಿ ಕಾಲು ಒತ್ತಿಕೊಳ್ಳುತ್ತಿದ್ದಳು.

"ಬನ್ನಿ, ಬನ್ನಿ," ಎಂದಳು ಆಕೆ. "ಇದಕ್ಕೂ ನೀವೇ ಬರ್ತೀರೇನೋ ಅಂತ ಕಾಯ್ತಿದ್ದೆ. ನಾಲ್ಕು ಗಂಟೆಗೊಂದ್ಸಲ ಬಂದೆ, ಬೀಗ. ಈಗ ಬಂದೆ, ಬೀಗ. ಈ ಊರಲ್ಲಿ ಯಾರೂ ಇಲ್ವಾ?"

ಕ್ಲೆಮೆಂಟ್ ಬಾಯಿ ತೆರೆಯುವಷ್ಟರಲ್ಲಿ ಬಂಟಿಯ ಕಾರು ಕಿರ್ರೆಂದು ನಿಂತಿತು. ಹಿಂದಿನ ಸೀಟಿನಲ್ಲಿ ಮಡಚಿದ ಮೇಜು. ಅವಳ ಕೈಯಲ್ಲಿ ಖಾಲಿ ಡಬ್ಬ, ಮುಖದಲ್ಲಿ ಕೋಟೆ ಗೆದ್ದ ಕಳೆ.

"ಆ ಟೈಯೋನು ತಿಂದ, ಕ್ಲೆಮೆಂಟ್, ತಿಂದ! ಐದು ಊರಿನ ಸ್ಮಶಾನ ಅಟ್ಟಿಸ್ಕೊಂಡು ಹೋದೆ. ಪ್ರತಿ ಗೋರಿ ಹತ್ರಾನೂ ಮೇಜು ಹಾಕಿ ಒಂಬತ್ತೊಂಬತ್ತು ಸ್ಕೋನ್ ಬಡಿಸ್ದೆ. ಉಳಿದಿದ್ದನ್ನ ಅವನ ಕಾರಿಗೇ ಹಾಕಿ ಕಳಿಸ್ದೆ. ಕಕ್ಕಸು ನಮಗೇ ಕಣೋ!"

"ಬಾಗಿಲು ಯಾಕೆ ಬೀಗ ಹಾಕಿದ್ರಿ?"

"ಬೆಳ್ಳಿ ಬಟ್ಟಲು ಒಳಗಿದೆ, ತೆರೆದಿಟ್ಟು ಹೋಗೋಕಾಗುತ್ತಾ?"

"ಟೈ ಕಟ್ಟಿದ್ರಲ್ಲ, ಭೂತಗನ್ನಡಿ, ಅವರಾ?" ಎಂದಳು ಹಳದಿ ರೇನ್‌ಕೋಟಿನವಳು. "ಅವರು ಕಲ್ಲುಹೂವು ಎಣಿಸೋರು. ಗೋರಿಕಲ್ಲಿನ ಮೇಲೆ ಬೆಳೆಯುತ್ತಲ್ಲ, ಅದು. ಯಾವುದೋ ಸಂಘದೋರು. ಯಾರೋ ಹೆಂಗಸು ಬೆನ್ನು ಬಿದ್ದಿದಾಳೆ, ಪೊಲೀಸರಿಗೆ ಹೇಳೋದಾ ಅಂತ ನನ್ನ ಕೇಳಿದ್ರು."

ಬಂಟಿಯ ಕೈಯ ಡಬ್ಬ ಮೆಲ್ಲಗೆ ಕೆಳಗಿಳಿಯಿತು. "ಮತ್ತೆ ನಿಧಿಯೋರು?"

"ನಾನೇ. ಸಿಬಿಲ್ ಹೇಕನ್."

ಆಕೆ ಶೂ ಹಾಕಿಕೊಳ್ಳುತ್ತ, ಕ್ಲೆಮೆಂಟನಿಗೆಂದೇ ಹೇಳತೊಡಗಿದಳು.

"ನೋಡಿ, ದೇವರ ವಿಷಯ ನನಗೆ ಅಷ್ಟು ಖಾತ್ರಿ ಇಲ್ಲ. ಆದರೆ ಬಿಸ್ಕತ್ತಿನ ಮೇಜಿನ ಹಿಂದೆ ಎಂಟು ಗಂಟೆ ಕೂತಿರ್ತಾರಲ್ಲ, ಅವರ ವಿಷಯ ಖಾತ್ರಿ ಇದೆ. ನನ್ನ ಗಂಡನ ಉಪ್ಪಿನಕಾಯಿ ದುಡ್ಡು ಅವರಿಗೆ ಸೇರಬೇಕು. ಈ ವರ್ಷ ಒಂದೇ ಕಕ್ಕಸು ಅಂತ ಅಂದ್ಕೊಂಡು ಬಂದಿದ್ದೆ. ಆದರೆ ಮೂರು ಚರ್ಚಲ್ಲೂ ಕಾವಲಿದ್ದೋರು ಒಂದಕ್ಕೆ ಅಂತ ಮನೆಗೆ ಓಡಿದಾರೆ, ಮೂರು ಕಡೆಯೂ ಒಬ್ಬರೇ ಮನುಷ್ಯ ಅವರ ಮಾನ ಕಾದಿದಾರೆ. ನನ್ನ ಹಾಳೇಲಿ ಮೂರು ಸಹಿ ಇದೆ. ಅದಕ್ಕೇ ಇನ್ನೆರಡು ವರ್ಷದ್ದನ್ನೂ ಸೇರಿಸಿ ಮೂರಕ್ಕೂ ಕೊಟ್ಟುಬಿಟ್ಟೆ. ಬರ್ತಾ ಟೀಚರ್‌ಗೂ, ಆ ಮೊಟ್ಟೆ ತಿನ್ನೋರಿಗೂ ಮಾತು ಕೊಟ್ಟು ಬಂದೆ. ನೀವು ಯಾವ ಊರಿನೋರು ಅಂತ ಕೇಳಿದ್ರೆ ಇಬ್ಬರೂ ‘ನಮ್ಮೋನೇ’ ಅಂದ್ರು. ಟೀಚರ್ ಅತ್ತುಬಿಟ್ರು, ಪಾಪ."

"ಟೀಚರ್ ಅತ್ತರಾ?" ಎಂದ ಕ್ಲೆಮೆಂಟ್. ಅವನು ಕಂಡಂತೆ ಅವಳು ಅಳಿಸಿದ್ದೇ ಹೊರತು ಅತ್ತದ್ದಿಲ್ಲ. ಅವನಿಗೆ ನಿಜವಾಗಿ ಸಂತೋಷವಾಯಿತು. ಆಮೇಲೆ ಲೆಕ್ಕ ಹಾಕಿದ. "ಮತ್ತೆ... ಈ ಚರ್ಚು?"

"ಇದಾ? ಎರಡು ಸಲ ಬಂದೆ, ಒಬ್ಬರೂ ಇಲ್ಲ. ಕೂರೋರೇ ಇಲ್ಲದ ಕಡೆ ಓಡೋರು ಎಲ್ಲಿಂದ ಬರ್ತಾರೆ? ಇಲ್ಲಿಗೆ ಕಕ್ಕಸು ಬೇಕಾಗಿಲ್ಲ. ಇಲ್ಲಿಯ ವಾರ್ಡನ್ ಯಾರು ಅಂತ ಗೊತ್ತಾ ನಿಮಗೆ? ಸಿಕ್ಕಿದ್ರೆ ನಿಮ್ಮನ್ನ ನೋಡಿ ಕಲೀಬೇಕು ಅಂತ ಹೇಳ್ತಿದ್ದೆ."

ಬಂಟಿ ಆಕಾಶ ನೋಡಿದಳು. ಕ್ಲೆಮೆಂಟ್ ಹೆಗಲಿನ ಸೈಕಲ್ ಕೆಳಗಿಟ್ಟ.

"ನಾನೇ," ಎಂದ.

ಸಿಬಿಲ್ ಹೇಕನ್ ಹಾಳೆಯ ಮೂರು ಸಹಿ ನೋಡಿದಳು, ಅವನನ್ನು ನೋಡಿದಳು. ಆಕೆಯ ಮುಖದಲ್ಲಿ ಮೊದಲು ನಗು, ಆಮೇಲೆ ಗೌರವ, ಕೊನೆಗೆ ನಿಜವಾದ ಸಂಕಟ ಕಾಣಿಸಿತು. ಕೊಟ್ಟ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಹೆಂಗಸಲ್ಲ ಅವಳು. ಇನ್ನೆರಡು ವರ್ಷದ ಪಾಲೂ ಮುಗಿದಿತ್ತು.

"ಥರ್ಟಲ್ ಅವರೇ," ಎಂದಳು. "ನನ್ನ ಹೆಸರು ಎಲ್ಲೂ ಹಾಕಿಸಿಲ್ಲ, ಬೇರೆಯವರದ್ದನ್ನೂ ಹಾಕಿಸಿಲ್ಲ. ಈ ಸಲ ಮಾತ್ರ ಹಾಕಿಸ್ತೀನಿ. ಹಿತ್ತಾಳೆ ಫಲಕ. ಮೂರೂ ಕಕ್ಕಸಿನ ಬಾಗಿಲ ಮೇಲೆ, ನಿಮ್ಮದು."

ಮಾತಿನಂತೆ ನಡೆದುಕೊಂಡಳು. ಮಾರ್ಚ್ ಹೊತ್ತಿಗೆ ಸುತ್ತಿನ ಮೂರೂ ಹಳ್ಳಿಗಳಲ್ಲಿ ಜನ ಚರ್ಚಿಗೆ ಬಂದು, "ಐದು ನಿಮಿಷ, ಥರ್ಟಲ್‌ಗೆ ಹೋಗಿ ಬರ್ತೀನಿ" ಎನ್ನತೊಡಗಿದ್ದರು. ಮದುವೆಗಳು ಹೋಟೆಲಿನಿಂದ ಆ ಚರ್ಚುಗಳಿಗೆ ಮರಳಿದವು. ಈಸ್ಟರಿನ ಮರುದಿನ ಬಿಷಪ್ಪರ ಕಚೇರಿಯವರು ಲಿಟಲ್ ಹೆಸ್ಸಿಂಗಿಗೆ ಬಂದು ತಮ್ಮದೇ ಬೀಗ ಹಾಕಿದರು.

ಆ ಶನಿವಾರದಿಂದ ಲಿಟಲ್ ಹೆಸ್ಸಿಂಗಿಗೆ ಆದ ನಷ್ಟ: ಒಂದು ಚರ್ಚು, ಒಂದು ಸೈಕಲ್ ಚಕ್ರ, ನಲವತ್ತೆಂಟು ಸ್ಕೋನ್.